ನಾಲ್ಕು ಓಮಿನ ಕೆಳಗೆ

ಬೇಲೂರು
12 ಜೂನ್ 2003

ಮಾಲಿನಿಗೆ,

ನಿನ್ನ ವಿಳಾಸ ಸಿಕ್ಕಿದ್ದು ಒಂದು ಸ್ಟಿಕ್ಕರಿನಿಂದ. ನಮ್ಮ ಮನೆಯವರ ಜೊತೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸುವ ಉಗ್ರಪ್ಪ ಅನ್ನುವವರ ಸುಮೋದ ಹಿಂದಿನ ಗಾಜಿಗೆ ಅಂಟಿತ್ತು. ‘ಮಾಲಿನಿ ಕಾರ್ ಆಡಿಯೋ, ಸ್ಟೇಷನ್ ರಸ್ತೆ, ಅರಸೀಕೆರೆ.’ ತರಕಾರಿ ಚೀಲ ಹಿಡಿದುಕೊಂಡು ಅದನ್ನೇ ಓದುತ್ತ ನಿಂತಿದ್ದೆ. ಉಗ್ರಪ್ಪ ಬಂದು, “ಏನಮ್ಮ, ಗಾಡಿ ಬೇಕಾಗಿತ್ತಾ?” ಅಂದರು.

ನನ್ನ ಮದುವೆಯಾಗಿ ಮೂರು ವರ್ಷವಾಯಿತು. ನಿನಗೆ ಬರೆಯುತ್ತಿರುವುದು ಇದೇ ಮೊದಲು. ಒಂದು ಸಣ್ಣ ವಿಷಯಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಸಂತು. ಬೇಲೂರು ಹಳೇಬೀಡು ನೋಡಲು ಬರುವವರನ್ನು ಸುಮೋದಲ್ಲಿ ಸುತ್ತಿಸುತ್ತಾರೆ. ಕಾಲೇಜು ಹುಡುಗರು ಹತ್ತಿದರೆ ಮೊದಲು ಕೇಳುವುದು ದೇವಸ್ಥಾನದ ಸುದ್ದಿಯಲ್ಲ, “ಅಣ್ಣಾ, ಗಾಡೀಲಿ ಬೇಸ್ ಐತಾ?” ಅಂತ. ಅದಕ್ಕೆ ಬೆಂಗಳೂರಿಗೆ ಹೋದಾಗ ಯಾರೋ ಬಳಸಿ ಬಿಟ್ಟ ಒಂದು ಆಂಪ್ಲಿಫೈಯರನ್ನೂ ದಪ್ಪ ಸದ್ದಿನ ಎರಡು ಸಬ್ ವೂಫರ್ ಸ್ಪೀಕರನ್ನೂ ಅಲ್ಲೇ ಹಾಕಿಸಿಕೊಂಡು ಬಂದರು. ಬೇಲೂರು ಬಿಟ್ಟು ಹಳೇಬೀಡು ಸೇರುವಷ್ಟರಲ್ಲಿ ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿ ಸದ್ದು ನಿಂತುಹೋಗುತ್ತದೆ. ಮುಟ್ಟಿದರೆ ಕಾದ ಕಾವಲಿ. ಆರಿದ ಮೇಲೆ ತಾನಾಗಿಯೇ ಮತ್ತೆ ಹಾಡುತ್ತದೆ. ಸ್ಪೀಕರ್ ಒಂದೊಂದೂ ನಾಲ್ಕು ಓಮಿನದು. ಆಂಪ್ಲಿಫೈಯರಿನ ಎರಡು ಚಾನೆಲ್ಲನ್ನೂ ಸೇರಿಸಿ ಒಂದು ಮಾಡಿ, ಎರಡೂ ಸ್ಪೀಕರನ್ನು ಅದಕ್ಕೇ ಕೊಟ್ಟಿದ್ದಾರೆ. ಏನಿರಬಹುದು?

ಕಣಕಟ್ಟೆಯಲ್ಲಿ ನಿನ್ನ ಅಪ್ಪ ಅವ್ವ ಹೇಗಿದ್ದಾರೆ ಅಂತ ಕೇಳಬೇಕು ಅನ್ನಿಸಿತು. ಕೇಳಬಹುದೋ ಇಲ್ಲವೋ ಗೊತ್ತಾಗಲಿಲ್ಲ.

ಲಾವಣ್ಯ


ಅರಸೀಕೆರೆ
19 ಜೂನ್ 2003

ಶ್ರೀಮತಿ ಲಾವಣ್ಯ ಅವರಿಗೆ,

ನಿಮ್ಮ ಕಾಗದ ಬಂತು.

ನಾಲ್ಕು ಓಮಿನ ಎರಡು ಸ್ಪೀಕರನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ ಆಂಪ್ಲಿಫೈಯರಿಗೆ ಕಾಣುವುದು ಎರಡೇ ಓಮ್. ಎರಡು ಚಾನೆಲ್ ಸೇರಿಸಿ ಒಂದು ಮಾಡಿದ ಅಂಥ ಆಂಪ್ಲಿಫೈಯರುಗಳನ್ನು ಸಾಮಾನ್ಯವಾಗಿ ನಾಲ್ಕು ಓಮಿನ ಕೆಳಗೆ ಓಡಿಸಬಾರದು. ಅದರ ಮೈಮೇಲೇ ಬರೆದಿರುತ್ತದೆ, ನೋಡಿಕೊಳ್ಳಿ. ಓಮ್, ಅಂದರೆ ಕರೆಂಟಿಗಿರುವ ತಡೆ, ಇಳಿದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಕಾಯುತ್ತದೆ, ಕೊನೆಗೆ ತನ್ನನ್ನು ಉಳಿಸಿಕೊಳ್ಳಲು ನಿಂತುಹೋಗುತ್ತದೆ. ಕೆಂಪು ದೀಪ ಹತ್ತಿತು ಅಂದರೆ ಕೆಟ್ಟಿದೆ ಅಂತಲ್ಲ, ಕೆಡಿಸಬೇಡಿ ಅಂತ.

ಒಂದು ಸ್ಪೀಕರಿನ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ಸೇರಿಸಿ. ಉಳಿದ ಎರಡು ತುದಿಗಳನ್ನು ಆಂಪ್ಲಿಫೈಯರಿಗೆ ಕೊಡಿ. ಎಂಟು ಓಮ್ ಆಗುತ್ತದೆ. ಸದ್ದು ಸ್ವಲ್ಪ ಇಳಿಯುತ್ತದೆ, ಆಂಪ್ಲಿಫೈಯರ್ ಬದುಕುತ್ತದೆ.

ಗಾಡಿಯನ್ನು ಅಂಗಡಿಗೆ ತಂದರೆ ನೋಡಿಕೊಡುತ್ತೇನೆ. ಭಾನುವಾರ ರಜೆ.

ಅಪ್ಪ ಅವ್ವ ಚೆನ್ನಾಗಿದ್ದಾರೆ.

ಕೆ. ಡಿ. ಮಾಲಿನಿ
ಮಾಲಿನಿ ಕಾರ್ ಆಡಿಯೋ


ಬೇಲೂರು
3 ಜುಲೈ 2003

ಮಾಲಿನಿಗೆ,

‘ಶ್ರೀಮತಿ ಲಾವಣ್ಯ ಅವರಿಗೆ’ ಅಂತ ಓದಿ ನಕ್ಕುಬಿಟ್ಟೆ. ಎರಡನೇ ಸಲ ಓದುವಾಗ ನಗು ಬರಲಿಲ್ಲ.

ಅರಸೀಕೆರೆಗೆ ಹೋಗಿ ತೋರಿಸಿ, ಅಲ್ಲಿ ನನ್ನ ಜೊತೆ ಡಿಪ್ಲೊಮಾ ಓದಿದವಳ ಅಂಗಡಿ ಇದೆ ಅಂತ ಸಂತುಗೆ ಹೇಳಿದೆ. “ಹೆಂಗಸ್ರ ಅಂಗ್ಡೀಲಿ ಬೇಸ್ ಹಾಕುಸ್ದೆ ಅಂದ್ರೆ ಸ್ಟ್ಯಾಂಡಲ್ಲಿ ತಲೆ ಎತ್ಕಂಡು ತಿರುಗಕಾಯ್ತದೇನೇ?” ಅಂದರು. ಒಳ್ಳೆಯವರು ಕಣೇ. ಆದರೆ ಸ್ಟ್ಯಾಂಡಿನವರು ಏನಂತಾರೆ ಅನ್ನುವುದು ಮಾತ್ರ ಅವರಿಗೆ ಸುಪ್ರೀಂ ಕೋರ್ಟು.

ಮಧ್ಯಾಹ್ನ ಅವರು ಮುದ್ದೆ ಉಂಡು ಮಲಗಿದ್ದಾಗ ನಾನೇ ಸುಮೋದ ಹಿಂದಿನ ಬಾಗಿಲು ತೆಗೆದೆ. ಸೀಟಿನ ಕೆಳಗೆ ಕತ್ತಲೆ, ಏನೂ ಕಾಣುವುದಿಲ್ಲ. ಹಿಂದೆ ಯಾರೋ ಬಂದ ಹಾಗಾಯಿತು. ನೋಡಿದರೆ ನಮ್ಮ ಅತ್ತೆ ಕಮಲಾಕ್ಷಮ್ಮ.

“ಏನ್ ಮಾಡ್ತಿದ್ದೀಯೇ?”

“ಒಂದು ವೈರ್ ಈ ಕಡೆಯಿಂದ ಆ ಕಡೆ ಹಾಕಬೇಕು ಅತ್ತೆ.”

“ಕರೆಂಟ್ ಹೊಡೀತದಾ?”

“ಇಲ್ಲ.”

“ಹಂಗಾದ್ರೆ ಬಿರ‍್ರನೆ ಮುಗ್ಸು, ಎದ್ದಾನು,” ಅಂದವರೇ ಒಳಗೆ ಹೋಗಿ ಟಾರ್ಚ್ ತಂದು ಹಿಡಿದುಕೊಂಡು ನಿಂತರು.

ಸಂತು ಮಾರನೆಯ ದಿನ ಹಳೇಬೀಡಿಗೆ ಹೋಗಿ ಬಂದು, “ನೋಡ್ದಾ? ಬೆಂಗಳೂರ್ ಮಾಲು. ನಮ್ ಗಾಡಿಗೆ ಒಗ್ಗಕ್ಕೆ ವಸಿ ಟೈಮ್ ತಗಂತು ಅಷ್ಟೇ,” ಅಂದರು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆವು.

ಇನ್ನೊಂದು ಕೇಳುವುದಿದೆ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಎಷ್ಟು ದಪ್ಪದ ವೈರ್ ಇರಬೇಕು? ಫ್ಯೂಸ್ ಎಲ್ಲಿ ಹಾಕಬೇಕು?

ಲಾವಣ್ಯ


ಅರಸೀಕೆರೆ
21 ಜುಲೈ 2003

ಲಾವಿ,

ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಒಂದು ಗೇಣಿಗಿಂತ ದೂರ ಬೇಡ. ಆಂಪ್ಲಿಫೈಯರಿನ ಹತ್ತಿರ ಒಂದು ಇದೆಯಲ್ಲ ಅಂತ ಬಿಡುವ ಹಾಗಿಲ್ಲ. ನಡುವಿನ ಅಷ್ಟುದ್ದ ವೈರ್ ಎಲ್ಲಾದರೂ ಉಜ್ಜಿಹೋಗಿ ಗಾಡಿಯ ತಗಡಿಗೆ ತಗುಲಿದರೆ ಅದನ್ನು ಕಾಯುವುದು ಬ್ಯಾಟರಿ ಪಕ್ಕದ ಫ್ಯೂಸೇ. ವೈರ್ ಕಿರುಬೆರಳಿನ ದಪ್ಪ ಇರಲಿ. ಅರ್ತ್ ವೈರ್ ಕೂಡ ಅಷ್ಟೇ ದಪ್ಪ, ಪೇಂಟ್ ಕೆರೆದು ಗಾಡಿಯ ಬರಿಯ ಲೋಹಕ್ಕೆ ಕೊಡಬೇಕು. ಆಂಪ್ಲಿಫೈಯರನ್ನು ಕಾರ್ಪೆಟ್ಟಿನ ಕೆಳಗೆ ಮುಚ್ಚಬೇಡ, ಅದಕ್ಕೆ ಗಾಳಿ ಬೇಕು. ಫ್ಯೂಸ್ ಹೋದರೆ ಯಾಕೆ ಹೋಯಿತು ಅಂತ ನೋಡಬೇಕೇ ಹೊರತು ಅದಕ್ಕಿಂತ ದೊಡ್ಡದನ್ನು ಹಾಕಬಾರದು.

ಇದೆಲ್ಲ ಬರೆದು ಮುಗಿಸಿದ ಮೇಲೆ ನನಗೇ ಸಿಟ್ಟು ಬಂತು. ಹಾಸನದ ಹಾಸ್ಟೆಲಿನಲ್ಲಿ ಓಮಿನ ಲೆಕ್ಕ ತಲೆಗೆ ಹತ್ತದೆ ನಾನು ಅಳುತ್ತಾ ಕೂತಿದ್ದಾಗ ಹೇಳಿಕೊಟ್ಟವಳು ಯಾರು? ಗಂಡಸಿ ಊರಿನ ನಿಮ್ಮ ತೋಟದ ಮೋಟರನ್ನು ನೀನು ಉದಾಹರಣೆ ಕೊಟ್ಟಿದ್ದೆ. ಒಂದು ಪೈಪಿನ ಪಕ್ಕಕ್ಕೆ ಇನ್ನೊಂದು ಪೈಪ್ ಕೊಟ್ಟರೆ ನೀರಿಗೆ ದಾರಿ ಸಲೀಸು, ಮೋಟರಿಗೆ ಹೊರೆ. ಒಂದರ ತುದಿಗೆ ಇನ್ನೊಂದು ಸೇರಿಸಿದರೆ ನೀರು ಕಡಿಮೆ, ಮೋಟರ್ ತಣ್ಣಗೆ. ಅವತ್ತಿನಿಂದ ಇವತ್ತಿನವರೆಗೆ ನಾನು ಸ್ಪೀಕರ್ ಜೋಡಿಸುವಾಗೆಲ್ಲ ನಿಮ್ಮ ತೋಟದ ಬಾವಿ ಕಣ್ಣ ಮುಂದೆ ಬರುತ್ತದೆ.

ಗೊತ್ತಿರುವುದನ್ನು ಯಾಕೆ ಕೇಳುತ್ತೀಯ?

ಮಾಲಿನಿ


ಬೇಲೂರು
10 ಆಗಸ್ಟ್ 2003

ಮಾಲೂ,

ಗೊತ್ತಿರುವುದನ್ನು ಕೇಳಿದರೆ ಮಾತ್ರ ನೀನು ಉತ್ತರ ಬರೆಯುತ್ತೀಯ, ಅದಕ್ಕೆ.

ಗೊತ್ತಿಲ್ಲದ್ದನ್ನು ಕೇಳಿದ್ದರೆ ಬರೆಯುತ್ತಿದ್ದೆಯಾ? ನನ್ನ ಮದುವೆಯ ಸುದ್ದಿ ಕೇಳಿ ನೀನು ಏನಂದುಕೊಂಡೆ, ಅಂಗಡಿ ಪೂಜೆಯ ದಿನ ಎಷ್ಟು ಹೊತ್ತು ಕಾದೆ, ತೆಂಗಿನಕಾಯಿ ಯಾರು ಒಡೆದರು. ಇವು ನನಗೆ ಗೊತ್ತಿಲ್ಲ.

ನಾವಿಬ್ಬರೂ ಸೇರಿ ಹುಡುಕಿದ ಅಂಗಡಿ ಅದು. ಬಾಗಿಲು ಯಾವ ಕಡೆ ತೆರೆಯಬೇಕು, ಬೆಂಚು ಎಷ್ಟು ಎತ್ತರ ಇರಬೇಕು ಅಂತ ಇಬ್ಬರೂ ಅಳೆದಿದ್ದೆವು. ಪೂಜೆಯ ಬೆಳಿಗ್ಗೆ ಹೊಸ ಲಂಗ ದಾವಣಿ ಉಟ್ಟುಕೊಂಡು ಚಪ್ಪಲಿಗೆ ಕಾಲು ಹಾಕಿದ್ದೆ. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅವತ್ತು ನಮ್ಮ ಮನೆಯಲ್ಲಿ ಏನೇನು ಮಾತಾಯಿತು ಅಂತ ಬರೆಯಲು ಕೂತು ಎರಡು ಸಲ ಹೊಡೆದುಹಾಕಿದೆ. ನಮ್ಮಪ್ಪ ರಂಗಪ್ಪನವರನ್ನು ನೀನು ನೋಡಿದ್ದೀಯ. ನಿಮ್ಮ ಮನೆಯ ಬಾಗಿಲತನಕ ಬಂದು ಒಳಗೆ ಕಾಲಿಡದೆ ಹೋದವರು ಅವರು. ಅಷ್ಟು ಸಾಕು. ಮುಂದಿನ ವಾರ ಬೇಲೂರಿನಿಂದ ಹುಡುಗನ ಕಡೆಯವರು ಬಂದರು.

ಉಗ್ರಪ್ಪನವರ ಗಾಡಿಯ ಸ್ಟಿಕ್ಕರನ್ನು ಅಷ್ಟು ಹೊತ್ತು ಯಾಕೆ ನೋಡಿದೆ ಹೇಳಲಾ? ನಿನ್ನ ಹೆಸರಿನ ಪಕ್ಕ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದೀಯಾ ಅಂತ. ಬಿಟ್ಟಿರಲಿಲ್ಲ. ಸರಿಯಾಗೇ ಮಾಡಿದೆ.

ಇಲ್ಲಿ ನನಗೆ ಕಷ್ಟ ಅಂತ ತಿಳಿಯಬೇಡ. ಸಂತು ಒಂದು ದಿನವೂ ಕೈ ಎತ್ತಿದವರಲ್ಲ. ಮಗಳಿಗೆ ಎರಡು ವರ್ಷ, ಚಿನ್ನಿ ಅನ್ನುತ್ತೇವೆ. ಅಡಿಗೆ, ನೀರು, ಬಂದವರಿಗೆ ಕಾಫಿ, ದಿನ ಹೋಗುತ್ತದೆ. ಆದರೆ ಅವತ್ತು ಸುಮೋದ ಸೀಟಿನ ಕೆಳಗೆ ವೈರಿನ ತುದಿ ಸುಲಿದು ಬೆರಳಲ್ಲಿ ಹುರಿ ಮಾಡಿದೆನಲ್ಲ, ಕೈ ಎಷ್ಟು ಖುಷಿಪಟ್ಟಿತು ಗೊತ್ತಾ? ಆಮೇಲೆ ಬೆರಳು ಮೂಸಿ ನೋಡಿದೆ. ತಾಮ್ರದ ವಾಸನೆ. ಸಾರಿಗೆ ಒಗ್ಗರಣೆ ಹಾಕುವ ತನಕ ಕೈ ತೊಳೆಯಲಿಲ್ಲ.

ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ.

ನಿನ್ನ
ಲಾವಿ


ಅರಸೀಕೆರೆ
11 ನವೆಂಬರ್ 2003

ಲಾವಿ,

ಮೂರು ತಿಂಗಳಾಯಿತು. ಕಾಗದ ಮೇಜಿನ ಖಾನೆಯಲ್ಲೇ ಇತ್ತು. ದಿನಾ ಸ್ಕ್ರೂಡ್ರೈವರ್ ತೆಗೆಯುವಾಗ ಕಾಣುತ್ತಿತ್ತು.

ಕಾಯಿ ಒಡೆದದ್ದು ಅಪ್ಪ. ಮಧ್ಯಾಹ್ನದ ತನಕ ಕಾದೆವು. ಪೂಜೆಗೆ ಬಂದವರಿಗೆ ಕೊಡಲು ತಂದಿದ್ದ ಮಂಡಕ್ಕಿ ಬೆಲ್ಲ ಉಳಿದುಹೋಯಿತು, ಸಂಜೆ ಆಟೋದವರಿಗೆ ಹಂಚಿದೆ. ಬೋರ್ಡ್ ಬರೆಯುವವನು ಬಂದು, “ಎರಡ್ ಹೆಸ್ರು ಅಂದಿದ್ರಲ್ಲ ಮೇಡಂ?” ಅಂದ. ಒಂದೇ ಬರಿ ಅಂದೆ. ಅಕ್ಷರ ದೊಡ್ಡದಾಗಿ ಬಂತು. ಎಲ್ಲರೂ ಬೋರ್ಡ್ ಚೆನ್ನಾಗಿದೆ ಅಂತಾರೆ.

ಮೊದಲ ವರ್ಷ ಬಂದವರೆಲ್ಲ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ “ಮೆಕ್ಯಾನಿಕ್ ಇಲ್ವಾ?” ಅನ್ನುತ್ತಿದ್ದರು. ಈಗ ಅನ್ನುವುದಿಲ್ಲ. ಕೊಬ್ಬರಿ ಮಂಡಿಯವರು, ಲಾರಿಯವರು, ತಿಪಟೂರಿನಿಂದಲೂ ಬರುತ್ತಾರೆ. ಕೆಲಸಕ್ಕೆ ಕೊರತೆಯಿಲ್ಲ. ಊಟದ ಹೊತ್ತಿಗೆ ಮಾತ್ರ ಬೆಂಚಿನ ಮೇಲೆ ಒಂದೇ ಡಬ್ಬಿ ತೆರೆಯುವಾಗ ಒಂಥರಾ ಆಗುತ್ತದೆ. ನಾನು ಹಾಗೆಲ್ಲ ಬರೆಯುವವಳಲ್ಲ, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ನಿನಗೆ ಒಂದು ಮಾತು ಹೇಳುವುದಿದೆ. ಕಾಗದದಲ್ಲಿ ಆಗುವುದಿಲ್ಲ. 23ರ ಭಾನುವಾರ ಅಂಗಡಿಗೆ ಬಾ. ರಜೆ ಆದರೂ ಬಾಗಿಲು ತೆಗೆದಿರುತ್ತೇನೆ. ಅಪ್ಪ ಅವ್ವನೂ ಕಣಕಟ್ಟೆಯಿಂದ ಬರುತ್ತಾರೆ. ನೀನು ಬರುತ್ತೀಯ ಅಂದಕೂಡಲೇ ಅವ್ವ ಒಬ್ಬಟ್ಟಿಗೆ ಬೇಳೆ ಆರಿಸಲು ಶುರುಮಾಡಿದ್ದಾಳೆ. ಗಂಡನನ್ನೂ ಕರೆದುಕೊಂಡು ಬಾ. ಹೆಂಗಸರ ಅಂಗಡಿ, ಕಚ್ಚುವುದಿಲ್ಲ ಅಂತ ಹೇಳು.

ಮಾಲೂ


ಅರಸೀಕೆರೆ
24 ನವೆಂಬರ್ 2003

ಲಾವಣ್ಯ,

ನೀನು ಬರಲಿಲ್ಲ.

ಅವ್ವ ಒಬ್ಬಟ್ಟನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು. ಪ್ರತಿ ಬಸ್ಸಿನ ಸದ್ದಿಗೂ ಎದ್ದು ಬಾಗಿಲಿಗೆ ಹೋಗುತ್ತಿದ್ದಳು. ಸಂಜೆ ಅಪ್ಪ, “ಬಸ್ ತಪ್ಪಿರ್ಬೇಕು ಬಿಡವ್ವ,” ಅಂದ. ಪೂಜೆಯ ದಿನವೂ ಅವನು ಹೇಳಿದ್ದು ಇದೇ ಮಾತು. ಅವತ್ತು ನಾನು ಅಪ್ಪನ ಮೇಲೆ ರೇಗಿದ್ದೆ. ಈ ಸಲ ರೇಗಲಿಲ್ಲ.

ಇನ್ನು ಓಮಿನ ಲೆಕ್ಕ ಕೇಳಿ ಬರೆಯಬೇಡ.

ಮಾಲಿನಿ


ಬೇಲೂರು
28 ನವೆಂಬರ್ 2003

ಮಾಲಿನಿ ಮೇಡಂ ಅವರಿಗೆ ನಮಸ್ಕಾರ,

ನಾನು ಸಂತು, ಲಾವಣ್ಯನ ಗಂಡ. ನಂಗೆ ಕಾಗದ ಬರ್ದು ಅಭ್ಯಾಸ ಇಲ್ಲ, ತಪ್ಪಿದ್ರೆ ಬೇಜಾರ್ ಮಾಡ್ಕಬ್ಯಾಡಿ. ನಿಮ್ ಕಾಗದ ಬಂತು. ಅವ್ಳು ಎಡಗೈಲಿ ಹಿಡ್ಕಂಡು ಓದಿ ಗೋಡೆ ಕಡೆ ತಿರುಗಿ ಮಲೀಕಂಡ್ಲು. ಬಲಗೈ ಸುಟ್ಟೈತೆ. ಅದುಕ್ಕೆ ನಾನು ಬರೀತಾ ಇವ್ನಿ.

ಮೇಡಂ, ಭಾನ್ವಾರ ನಾವು ಹೊಲ್ಟಿದ್ವಿ. ಬೆಳಗಾನ ಎದ್ದು ತಲೆಗೆ ನೀರು ಹಾಕ್ಕಂಡು, ಹಸ್ರು ಸೀರೆ ಉಟ್ಕಂಡು, ನಿಮ್ ಅವ್ವಂಗೆ ಅಂತ ಕಾಕಡ ಹೂ ಕಟ್ಕಂಡು ಹೊಲ್ಟಿದ್ಲು. ಮದ್ವೆ ಆದಾಗ್ನಿಂದ ಅಂಗೆ ಗೆಲುವಾಗಿದ್ದುದ್ನ ನಾನು ಕಂಡಿಲ್ಲ.

ಏನಾಯ್ತು ಅಂದ್ರೆ, ಗಾಡೀಲಿ ಬೇಸ್ ಕಮ್ಮಿ ಆಗೈತೆ ಅಂತ ನಾನು ದಸರಾ ಟೈಮಲ್ಲಿ ಇನ್ನೊಬ್ಬ ಫಿಟ್ಟರ್ ತಾವ ಹೋಗಿದ್ದೆ. ಅವ್ನು ಇನ್ನೂ ಎರಡು ಸ್ಪೀಕರ್ ಹಾಕಿ ನಾಲ್ಕುನ್ನೂ ಪಕ್ಕಪಕ್ಕಕ್ಕೆ ಸೇರಿಸ್ದ. ನಾಲ್ಕು ಓಮಿಂದು ನಾಲ್ಕುನ್ನೂ ಅಂಗೆ ಸೇರಿಸುದ್ರೆ ಒಂದೇ ಓಮ್ ಆಯ್ತದೆ ಅಂತ ಇವ್ಳು ಈಗ ಹೇಳ್ತಾಳೆ. ನಂಗೇನು ಗೊತ್ತು? ಎದೆ ಗುದ್ದೋ ಅಂಗೆ ಸದ್ದು ಬತ್ತಿತ್ತು, ಖುಷಿ ಆಗ್ತಿತ್ತು. ಘಳಿಗೆಗೊಂದ್ಸಲ ಫ್ಯೂಸ್ ಹೋಗದು. ಅವ್ನು ಫ್ಯೂಸ್ ಇರೋ ಕಡೆಯೆಲ್ಲ ತಾಮ್ರದ ತಂತಿ ಸುತ್ತಿ, “ಇನ್ ಹೋಗಕಿಲ್ಲ ಅಣ್ಣ” ಅಂದ. ಅದನ್ನ ನಾನು ಇವ್ಳಿಗೆ ಹೇಳಿರ್ಲಿಲ್ಲ. ಮೊದ್ಲು ಇವ್ಳೇ ಸರಿ ಮಾಡಿದ್ಲು ಅಂತ ಇವ್ಳೂ ನಂಗೆ ಹೇಳಿರ್ಲಿಲ್ಲ.

ಜಾವಗಲ್ ದಾಟಿದ್ವಿ. ಚಿನ್ನಿ ಹಿಂದಿನ್ ಸೀಟಲ್ಲಿ ಮಲ್ಗಿತ್ತು. ಸುಟ್ಟ ವಾಸ್ನೆ ಬಂತು. ಇವ್ಳು “ನಿಲ್ಸಿ, ನಿಲ್ಸಿ!” ಅಂದ್ಲು. ತಿರುಗಿ ನೋಡುದ್ರೆ ಸೀಟಿನ ಕೆಳ್ಗಿಂದ ಹೊಗೆ. ಕೀ ತಿರುಗ್ಸಿ ಆಫ್ ಮಾಡುದ್ರೂ ಹೊಗೆ ನಿಲ್ಲಲ್ದು. ನಾನು ಹಿಂದಿನ್ ಬಾಗ್ಲಿಗೆ ಓಡಿ ಮಗಾನ ಎಳ್ಕಂಡೆ. ಅಷ್ಟೊತ್ಗೆ ಇವ್ಳು ಬಾನೆಟ್ ಎತ್ತಿದ್ಲು.

“ಬಿಡೇ, ಬಾರೇ ಇತ್ಲಾಗೆ! ಗಾಡಿ ಹೋದ್ರೆ ಹೋಗ್ಲಿ!” ಅಂತ ಕೂಗುದೆ.

“ಬ್ಯಾಟರಿ ವೈರ್ ಕೀಳ್ದಿದ್ರೆ ನಿಲ್ಲಲ್ಲ ಕಣ್ರೀ!” ಅಂದ್ಲು. ಸೆರಗು ಸುತ್ಕಂಡು ಕಾದ ವೈರ್ ಹಿಡ್ದು ಎಳುದ್ಲು. ಕಿತ್ಕಂಡು ಬಂತು. ಪ್ಲಾಸ್ಟಿಕ್ ಕರಗಿ ಅಂಗೈಗೆ ಅಂಟ್ಕಂಡಿತ್ತು. ಆಮೇಲೆ ದಾರೀಲಿ ಹೋಗೋರು ಮಣ್ಣು ಎರಚುದ್ರು. ಗಾಡಿ ಉಳೀತು, ಮಗ ಉಳೀತು.

ಆಸ್ಪತ್ರೇಲಿ ಪಟ್ಟಿ ಕಟ್ಟಾಗ್ಲೂ ನೋವು ಅನ್ನಲಿಲ್ಲ. “ಅವ್ಳು ಕಾಯ್ತಾ ಇರ್ತಾಳೆ ಕಣ್ರೀ” ಅಂತ ಅದೊಂದೇ ಮಾತು. ನಿಮ್ ಅಂಗ್ಡಿಗೆ ಫೋನ್ ಇದ್ದಿದ್ರೆ ಅವತ್ತೇ ಹೇಳಿರೋನು.

ಹೆಂಗಸ್ರ ಅಂಗ್ಡಿ ಅಂತ ನಿಮ್ತಾವ ಬರ್ಲಿಲ್ಲ ನಾನು. ಅದುನ್ನ ನೆನುಸ್ಕಂಡ್ರೆ ಅನ್ನ ಸೇರಕಿಲ್ಲ ಮೇಡಂ. ಅವ್ಳ ಮೇಲೆ ಸಿಟ್ಟು ಮಾಡ್ಕಬ್ಯಾಡಿ. ಮಾಡ್ಕಳದಾದ್ರೆ ನನ್ ಮೇಲೆ ಮಾಡ್ಕಳಿ.

ಇಂತಿ ನಿಮ್ಮ
ಸಂತು


ಅರಸೀಕೆರೆ
14 ಡಿಸೆಂಬರ್ 2003

ಲಾವಿ,

ನಿನ್ನ ಗಂಡನ ಕಾಗದ ಓದಿ, ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಕ್ಯಾಸೆಟ್ ಡೆಕ್ಕನ್ನು ಹಾಗೇ ಬಿಟ್ಟು ಬಸ್ ಹತ್ತಿದ್ದೆ. ನಿನ್ನ ಮನೆಯಲ್ಲಿದ್ದ ಎರಡು ದಿನ ನಾವು ಏನು ಮಾತಾಡಿದೆವು ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ನೆನೆಸಿಕೊಂಡೆ. ಏನೂ ಇಲ್ಲ. ಚಿನ್ನಿಯ ಹಲ್ಲು, ಹಾಸ್ಟೆಲಿನ ಸಾರು. ನಿನ್ನ ತಲೆ ಬಾಚಿ ಜಡೆ ಹಾಕಿದೆ. ಅಷ್ಟೇ.

ನಿನ್ನ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವೈರನ್ನೆಲ್ಲ ಕಿತ್ತೆ. ಆಂಪ್ಲಿಫೈಯರ್ ಒಳಗೆ ಬೂದಿ. “ಇನ್ನೊಂದು ಹಾಕಬಹುದಾ ಮೇಡಂ?” ಅಂತ ಮೆಲ್ಲಗೆ ಕೇಳಿದರು. “ಹಾಕಬಹುದು. ನಾಲ್ಕು ಓಮಿನ ಕೆಳಗೆ ಇಳಿಸಲ್ಲ, ಫ್ಯೂಸಿನ ಜಾಗದಲ್ಲಿ ಫ್ಯೂಸೇ ಇರುತ್ತೆ ಅಂತ ಮಾತು ಕೊಡಿ,” ಅಂದೆ. ಚಿನ್ನಿಯ ತಲೆ ಮುಟ್ಟಿ ಮಾತು ಕೊಟ್ಟರು.

ಹೊರಡುವ ದಿನ ನಿಮ್ಮ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು ನಿನ್ನ ಪಕ್ಕದಲ್ಲೇ ಎಲೆ ಹಾಕಿದರು. “ನಿಮ್ದು ಯಾವೂರು, ಯಾರ್ ಪೈಕಿ?” ಅಂತ ಕೇಳಿದರು, ನಾನು ಹೇಳಿದೆ. ಹೇಳಿದ ಮೇಲೆ, “ತುಪ್ಪ ಹಾಕ್ಲೇನವ್ವ?” ಅಂದರು. ಇದನ್ನು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ, “ಏನಂದ್ರು ಅಂದೆ?” ಅಂತ ಇನ್ನೊಂದು ಸಲ ಹೇಳಿಸಿಕೊಂಡ.

ಆ ಭಾನುವಾರ ನಿನಗೆ ಹೇಳಬೇಕು ಅಂತಿದ್ದ ಮಾತನ್ನು ನಿಮ್ಮ ಮನೆಯಲ್ಲೂ ಹೇಳಲಿಲ್ಲ. ನೀನು ಪಟ್ಟಿ ಕಟ್ಟಿದ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ನಿದ್ದೆ ಹೋಗಿದ್ದೆ. ಹೇಗೆ ಹೇಳಲಿ?

ನನಗೆ ಸರ್ಕಾರಿ ಕೆಲಸ ಆಗಿದೆ ಲಾವಿ. ಹಾವೇರಿಯಲ್ಲಿ, ಐಟಿಐ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವುದು. ಹೊಸ ವರ್ಷಕ್ಕೆ ಹೋಗಿ ಸೇರಬೇಕು. ಅಪ್ಪ ಆ ಆರ್ಡರನ್ನು ಬುದ್ಧನ ಪಟದ ಮುಂದೆ ಇಟ್ಟು ಅತ್ತ. ಅವನು ಅಳುವುದನ್ನು ಅವತ್ತೇ ನೋಡಿದ್ದು. ಬೇಡ ಅನ್ನುವ ಶಕ್ತಿ ನನಗಿಲ್ಲ, ಬೇಡ ಅಂತ ಅನ್ನಿಸಿಯೂ ಇಲ್ಲ.

ಅಂಗಡಿ ಮಾತ್ರ ಇದೆ. ಕೇಳುವವರು ಇದ್ದಾರೆ. ಯಾರಿಗೂ ಹೂಂ ಅನ್ನಲಿಲ್ಲ. ನಿನ್ನ ಕೈ ವಾಸಿಯಾದ ಮೇಲೆ ನೀನು ಬಂದು ಕೂರುತ್ತೀಯಾ? ಇಬ್ಬರೂ ಒಟ್ಟಿಗೆ ಕೂರಬೇಕು ಅಂತ ಹಿಡಿದ ಅಂಗಡಿ. ನೀನು ಒಳಗೆ ಬರುವ ಹೊತ್ತಿಗೆ ನಾನು ಹೊರಗೆ ಹೋಗಬೇಕಾಗಿದೆ. ಇದನ್ನು ಮುಖ ನೋಡಿಕೊಂಡು ಹೇಳಲು ಆಗಲಿಲ್ಲ, ಅದಕ್ಕೆ ಬರೆದಿದ್ದೇನೆ.

ನಿನ್ನ
ಮಾಲೂ


ಅರಸೀಕೆರೆ
20 ಏಪ್ರಿಲ್ 2004

ಮಾಲೂ,

ಅಕ್ಷರ ನೋಡಿ ಹೆದರಬೇಡ. ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಅದಕ್ಕೆ ಹೀಗೆ. ಸೋಲ್ಡರ್ ಕಡ್ಡಿ ಹಿಡಿಯಲು ತೊಂದರೆ ಇಲ್ಲ. ಪೆನ್ನಿಗೇ ಹಟ.

ಮೇಲಿನ ಊರಿನ ಹೆಸರು ನೋಡಿದೆಯಲ್ಲ. ಕೂತಿದ್ದೇನೆ.

ನಿನ್ನ ಡಿಸೆಂಬರ್ ಕಾಗದಕ್ಕೆ ಉತ್ತರ ಬರೆಯದೆ ‘ಆಗಲಿ’ ಅಂತ ಒಂದು ಕಾರ್ಡ್ ಹಾಕಿದ್ದೆ. ಮನಸ್ಸಿನಲ್ಲಿ ಸಿಟ್ಟಿತ್ತು. ನಿನ್ನ ಮೇಲಲ್ಲ. ಯಾರ ಮೇಲೆ ಅಂತ ತಿಳಿದಿದ್ದರೆ ಬೈದು ಮುಗಿಸುತ್ತಿದ್ದೆ. ನೀನು ಹೊರಡುವ ದಿನ ರೈಲಿಗೆ ಬರಲು ಡಾಕ್ಟರು ಬಿಡಲಿಲ್ಲ ಅಂದಿದ್ದೆನಲ್ಲ, ಡಾಕ್ಟರು ಏನೂ ಹೇಳಿರಲಿಲ್ಲ. ನೀನು ರೈಲು ಹತ್ತುವುದನ್ನು ನೋಡಲು ನನಗೇ ಆಗುತ್ತಿರಲಿಲ್ಲ.

ವಾರದಲ್ಲಿ ಮೂರು ದಿನ ಬರುತ್ತೇನೆ. ಸಂತು ಬೆಳಿಗ್ಗೆ ಸ್ಟೇಷನ್ನಿಗೆ ಗಾಡಿ ತರುತ್ತಾರೆ, ರೈಲಿನಿಂದ ಇಳಿದವರನ್ನು ಹಳೇಬೀಡಿಗೆ ಹತ್ತಿಸಿಕೊಂಡು ಹೋಗುತ್ತಾರೆ, ಸಂಜೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಚಿನ್ನಿ ಅತ್ತೆಯ ಹತ್ತಿರ. ಬೇಲೂರಿನ ಸ್ಟ್ಯಾಂಡಿನಲ್ಲಿ ಸಂತು ಹೇಳುವುದನ್ನು ನೀನು ಕೇಳಬೇಕು. “ನಮ್ ಹೆಂಡ್ರು ಅಂಗ್ಡಿಗೆ ಹೋಗ್ರಲಾ. ಬ್ಯಾರೆ ಕಡೆ ಹಾಕುಸ್ಕಂಡು ಗಾಡಿ ಸುಟ್ಕಬ್ಯಾಡಿ,” ಅಂತ. ತಮ್ಮ ಗಾಡಿಯ ಕಥೆಯನ್ನೂ ಹೇಳುತ್ತಾರೆ. ಮೊದಮೊದಲು ನಾಚಿಕೊಂಡು ಹೇಳುತ್ತಿದ್ದರು, ಈಗ ಕೇಳುವವರು ಸಿಕ್ಕಿದರೆ ಸಾಕು.

ಬೋರ್ಡ್ ಹಾಗೇ ಇದೆ. ಬದಲಾಯಿಸುವುದಿಲ್ಲ.

ಹೋದ ಶುಕ್ರವಾರ ನಮ್ಮಪ್ಪ ಬಂದಿದ್ದರು. ಮಂಡಿಗೆ ಕೊಬ್ಬರಿ ತಂದಿದ್ದರಂತೆ. ರಸ್ತೆಯ ಆ ಕಡೆಯೇ ನಿಂತು ಬೋರ್ಡ್ ನೋಡುತ್ತಿದ್ದರು. ನಾನು ಕರೆಯಲಿಲ್ಲ, ಕೆಲಸ ಮಾಡುತ್ತಿದ್ದೆ. ಆಮೇಲೆ ತಾವಾಗಿಯೇ ಬಂದು ಸ್ಟೂಲಿನ ಮೇಲೆ ಕೂತರು. “ಆ ಹುಡ್ಗಿ ಹಾವೇರೀಲವ್ಳಂತೆ?” ಅಂದರು. ಹೂಂ ಅಂದೆ. “ಮೇಷ್ಟ್ರಂತೆ?” ಹೂಂ. “ಕೈ ತೋರ್ಸು,” ಅಂದರು. ತೋರಿಸಿದೆ. ಅಂಗೈಯನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದರು. ಏನೋ ಹೇಳಲು ಬಾಯಿ ತೆರೆದರು, ಹೊರಗೆ ಲಾರಿಯವನು ಹಾರ್ನ್ ಹೊಡೆದ, ಎದ್ದು ಹೋದರು. ಇನ್ನೊಂದು ಸಲ ಬರುತ್ತಾರೋ ಏನೋ.

ಇವತ್ತು ಒಂದು ಕೆಲಸ ಮಾಡಿದೆ, ಅದನ್ನು ಹೇಳಲೆಂದೇ ಈ ಕಾಗದ. ಬಾಣಾವರದ ಹುಡುಗನೊಬ್ಬ ಹೊಸ ಕಾರು ತಂದಿದ್ದ. ನಾಲ್ಕು ಸ್ಪೀಕರ್ ಬೇಕು, ಇಡೀ ಊರಿಗೆ ಕೇಳಬೇಕು ಅಂದ. ಒಂದು ಓಮಿಗೆ ಇಳಿಸಿದರೆ ಏನಾಗುತ್ತದೆ ಅಂತ ನನ್ನ ಅಂಗೈ ತೋರಿಸಿದೆ. ಆದರೂ ನಾಲ್ಕು ಬೇಡ ಅಂತ ನಾನು ಅನ್ನಲಿಲ್ಲ ಕಣೇ. ಎರಡೆರಡನ್ನು ಒಂದರ ಹಿಂದೊಂದು ಕಟ್ಟಿದೆ, ಜೋಡಿ ಜೋಡಿ ಎಂಟು ಓಮ್ ಆಯಿತು. ಆ ಎರಡು ಜೋಡಿಯನ್ನು ಪಕ್ಕಪಕ್ಕ ಸೇರಿಸಿದೆ. ಮೀಟರ್ ಇಟ್ಟರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ ತೋರಿಸಿತು, ಮೀಟರಿನಲ್ಲಿ ಯಾವಾಗಲೂ ಅಷ್ಟೇ ಅಲ್ಲವಾ. ಬ್ಯಾಟರಿಯಿಂದ ಗೇಣು ದೂರದಲ್ಲಿ ಫ್ಯೂಸ್. ಆಂಪ್ಲಿಫೈಯರಿಗೆ ನಾಲ್ಕು ಕಡೆಯಿಂದಲೂ ಗಾಳಿ. ಗಂಟೆಗಟ್ಟಲೆ ಹಾಡಿಸಿದೆ. ಮುಟ್ಟಿದರೆ ಮಗುವಿನ ಹಣೆಯಷ್ಟೇ ಬೆಚ್ಚಗಿತ್ತು.

ಡಿಕ್ಕಿಯಲ್ಲಿ ತಲೆಯಿಟ್ಟುಕೊಂಡೇ ಇದ್ದೆ. ಆ ಸದ್ದು ಸ್ವಲ್ಪವೂ ಒಡೆಯದೆ, ನೆಲದಿಂದ ಎದ್ದು ಬಂದ ಹಾಗೆ ಬರುತ್ತಿತ್ತು. ಖುಷಿಯಲ್ಲಿ ಪಕ್ಕಕ್ಕೆ ತಿರುಗಿ, “ಸರಿಯಾಗಿದೆಯೇನೇ?” ಅಂದುಬಿಟ್ಟೆ.

ಮುಂದಿನ ಸೀಟಿನಿಂದ ಆ ಹುಡುಗ, “ಸೂಪರಾಗೈತೆ ಮೇಡಂ,” ಅಂದ.

ನಿನ್ನ
ಲಾವಿ